ನೀರು ಕುಡಿದ ಗಾಡಿ

ಮೊನ್ನೆ ಕಪಾಟಿನ ಕೆಳಗಿನ ಖಾನೆಯಲ್ಲಿ ಪಿಂಚಣಿಯ ಹಳೆಯ ಕಾಗದವೊಂದನ್ನು ಹುಡುಕುತ್ತಿದ್ದೆ. ಕಾಗದ ಸಿಗಲಿಲ್ಲ. ಬದಲಿಗೆ ಸಿಕ್ಕಿದ್ದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ, ನಡುವೆ ತೂತಿರುವ ಒಂದು ಅಯಸ್ಕಾಂತ. ಇಷ್ಟು ವರ್ಷ ಖಾನೆಯ ಮೂಲೆಯಲ್ಲಿ ಅದು ಸುಮ್ಮನೆ ಕೂತಿರಲಿಲ್ಲ. ನಾಲ್ಕು ಗುಂಡುಸೂಜಿ, ಒಂದು ತುಕ್ಕು ಹಿಡಿದ ಬ್ಲೇಡು, ನನ್ನ ಹೆಂಡತಿ ಕಳೆದುಹೋಯಿತೆಂದು ಮನೆಯೆಲ್ಲ ಜಾಲಾಡಿದ್ದ ಒಂದು ಸಣ್ಣ ಕತ್ತರಿ, ಎಲ್ಲವನ್ನೂ ತನ್ನತ್ತ ಎಳೆದುಕೊಂಡು ಸಂಸಾರ ಹೂಡಿತ್ತು.

“ಅಯ್ಯ, ಇದನ್ನ ಇನ್ನೂ ಇಟ್ಟೀರೇನ್ರಿ?” ಎಂದು ಸುಶೀಲಾ ಕತ್ತರಿಯನ್ನು ಬಿಡಿಸಿಕೊಂಡಳು. “ಗಾಡಿ ಹೋಗಿ ಯಾವ ಕಾಲಾತು.”

ಗಾಡಿ ಹೋಗಿದ್ದು ನಿಜ. ಆದರೆ ಈ ಅಯಸ್ಕಾಂತವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾನು ದೇವದುರ್ಗ, ಮಾನ್ವಿ, ರಾಯಚೂರು ಮೂರೂ ಊರಲ್ಲಿ ತಿರುಗಿದ ಕಾಲವೊಂದಿತ್ತು. ಯಾರಾದರೂ ಹಳೆಯ ಕಾರು ಕೊಳ್ಳಬೇಕೆಂದರೆ, “ಡಾಕ್ಟ್ರನ್ನ ಕರಕೊಂಡು ಹೋಗ್ರಿ” ಎನ್ನುತ್ತಿದ್ದರು. ನಾನು ದನದ ಡಾಕ್ಟರು. ಎಂಜಿನ್ನಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇಷ್ಟೇ: ಆ ಭಾಗದಲ್ಲಿ ಹಳೆಯ ಕಾರು ಕೊಂಡು ನನ್ನಷ್ಟು ಚೆನ್ನಾಗಿ ಮೋಸಹೋದವರು ಬೇರೆ ಯಾರೂ ಇರಲಿಲ್ಲ. ಒಮ್ಮೆ ಬಿದ್ದವನಿಗೆ ಬಾವಿಯ ಆಳ ಗೊತ್ತಿರುತ್ತದೆಂಬುದು ಜನರ ನಂಬಿಕೆ.

ಕಾರಿನ ಆಸೆಯನ್ನು ನನ್ನೊಳಗೆ ಹುಟ್ಟಿಸಿದ್ದು ಒಂದು ಎಮ್ಮೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ದೇವದುರ್ಗದ ಪಶು ಆಸ್ಪತ್ರೆಯಲ್ಲಿದ್ದೆ. ಹಳ್ಳಿಗಳಿಗೆ ಹೋಗಲು ಮೋಟರ್ ಸೈಕಲ್ ಇತ್ತು. ಒಂದು ಬೆಳಿಗ್ಗೆ ಕರು ಹಾಕಿ ಮೂರು ದಿನವಾಗಿದ್ದ ಎಮ್ಮೆಗೆ ಸೂಜಿ ಚುಚ್ಚಬೇಕಿತ್ತು. ಅದರ ಒಡೆಯ ಕೊರಳಿನ ಹಗ್ಗ ಹಿಡಿದು, “ಏನೂ ಮಾಡಂಗಿಲ್ರಿ, ಭಾಳ ಸಾದು ಅದ” ಎಂದ. ಅವನ ಮಾತು ನಂಬಿ ನಾನು ತಪ್ಪು ಪಕ್ಕದಲ್ಲಿ ನಿಂತೆ. ಸಾದು ಎಮ್ಮೆ ಒಂದೇ ಒಂದು ಸಲ ಕಾಲೆತ್ತಿತು. ಬಲ ಮೊಣಕಾಲು ಆರು ವಾರ ಪಟ್ಟಿಯೊಳಗಿತ್ತು. ಪಟ್ಟಿ ಬಿಚ್ಚಿದ ಮೇಲೆ ತುಸು ಕುಂಟುತ್ತ ನಡೆಯಲು ಅಡ್ಡಿಯಿರಲಿಲ್ಲ, ಮೋಟರ್ ಸೈಕಲ್ಲಿನ ಕಿಕ್ಕರ್ ಒದೆಯಲು ಮಾತ್ರ ಆಗುತ್ತಿರಲಿಲ್ಲ. ಒಡೆಯನ ಹೊಗಳಿಕೆಯನ್ನು ನಂಬಬಾರದೆಂಬ ಪಾಠವನ್ನು ಆ ಎಮ್ಮೆ ಆಗಲೇ ಕಲಿಸಿತ್ತು. ನಾನೇ ಮರೆತೆ.

ಕಾರೆಂದರೆ ನನಗೆ ಮೊದಲಿನಿಂದಲೂ ಒಂದು ಮರುಳು ಇತ್ತು. ನಮ್ಮದು ದೇವದುರ್ಗ ತಾಲೂಕಿನ ಒಂದು ಸಣ್ಣ ಹಳ್ಳಿ. ಕುರಿ ಕಾಯುವ ಮನೆತನ. ನಾನು ಎರಡನೆಯದೋ ಮೂರನೆಯದೋ ಇಯತ್ತೆಯಲ್ಲಿದ್ದಾಗ ಊರಿಗೆ ಮೊದಲ ಸಲ ಒಂದು ಕಾರು ಬಂತು. ಯಾರೋ ಅಧಿಕಾರಿ, ದಾರಿ ತಪ್ಪಿ ಬಂದಿದ್ದರು. ಬೇಸಗೆಯ ಮಟಮಟ ಮಧ್ಯಾಹ್ನ. ಕಾರು ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ಬುಸುಗುಡುತ್ತ ನಿಂತಿತು. ನಾವು ಹುಡುಗರು ಗಾಲಿಯ ನಡುವಿನ ಹೊಳೆಯುವ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನಮ್ಮ ಮುಖಗಳನ್ನು ನೋಡಿಕೊಂಡೆವು. ಎಲ್ಲರ ಮೂಗೂ ಬದನೆಕಾಯಿಯಷ್ಟಾಗಿತ್ತು. ಪೆಟ್ರೋಲಿನ ವಾಸನೆ ಎಷ್ಟು ಹಿತವಾಗಿತ್ತೆಂದರೆ ನಾನು ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಿದ್ದೆ.

ಡ್ರೈವರು ನೀರು ಕೇಳಿದ. ನಮ್ಮ ಅಜ್ಜಿ ದೊಡ್ಡ ಕೊಡ ತಂದಳು. ಅವನು ಮುಂದಿನ ಮುಚ್ಚಳ ತೆಗೆಯಲು ಹೋದಾಗ ಒಳಗಿನಿಂದ ಹಬೆ ಬುಸ್ಸೆಂದಿತು. ಅಜ್ಜಿ ಕೊಡವನ್ನು ಹಿಂದಕ್ಕೆ ಎಳೆದುಕೊಂಡು ಅವನನ್ನು ಬೈದಳು: “ಉರಿಬಿಸಲಾಗ ಓಡಿಸಿಕೊಂಡು ಬಂದು ಒಮ್ಮಿಗೇ ನೀರು ಕುಡಸ್ತಾರೇನೋ? ದಮ್ಮು ಆರಲಿ ಮೊದಲ.” ಡ್ರೈವರು ಅವಳನ್ನೇ ನೋಡಿದ. “ಖರೇ ಅದ ಯವ್ವಾ,” ಎಂದು ಮರದ ಬುಡದಲ್ಲಿ ಕೂತು ಬೀಡಿ ಹಚ್ಚಿದ. ಅವಳು ಹೇಳಿದ್ದು ಕುದುರೆ, ಎತ್ತುಗಳ ಮಾತು. ಅದು ಎಂಜಿನ್ನಿಗೂ ಸರಿಹೋಗುತ್ತದೆಂಬುದು ನನಗೆ ತಿಳಿದದ್ದು ಮೂವತ್ತು ವರ್ಷದ ಮೇಲೆ.

ಎಲ್ಲಿದ್ದೆ? ಹ್ಞಾಂ, ಮೊಣಕಾಲು. ಹೊಸ ಕಾರು ಬೇಕೆಂದರೆ ಆಗ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು, ಮತ್ತು ನನ್ನ ಸಂಬಳದವನು ಕಾದರೂ ಉಪಯೋಗವಿರಲಿಲ್ಲ. ಹಳೆಯದೇ ಗತಿ. ರಾಯಚೂರಿನಲ್ಲಿ ಹತ್ತಿಯ ವ್ಯಾಪಾರ ಮಾಡುವ ಬಸವಂತರಾಯರೆಂಬವರು ತಮ್ಮ ಅಂಬಾಸಿಡರ್ ಮಾರುತ್ತಾರೆಂದು ಸುದ್ದಿ ಬಂತು. ರಾಯಚೂರಿನಲ್ಲೇ ಮೌಲಾಲಿ ಉಸ್ತಾದ್ ಎಂಬ ಹಳೆಯ ಮೆಕ್ಯಾನಿಕ್ ಇದ್ದ. ಅವನನ್ನು ಕರೆದೊಯ್ಯಬೇಕೆಂದು ಎಲ್ಲರೂ ಹೇಳಿದರು. ನಾನು ಗ್ಯಾರೇಜಿಗೆ ಹೋದಾಗ ಅವನು ಒಂದು ಜೀಪಿನ ಕೆಳಗೆ ಮಲಗಿದ್ದ. ಅಲ್ಲಿಂದಲೇ, “ಇವತ್ತ ಆಗಂಗಿಲ್ಲ ಸಾಬ್. ನಾಳೆ ಬೆಳಿಗ್ಗೆ ಬರ್ತೀನಿ. ಗಾಡಿ ಎಲ್ಲೂ ಓಡಿ ಹೋಗಂಗಿಲ್ಲ,” ಎಂದ. ನನಗೆ ಮಾತ್ರ ಅದು ಓಡಿಹೋಗುತ್ತದೆನ್ನಿಸಿತು. ನಾನು ಅಲ್ಲಿ ತಲುಪುವ ಹೊತ್ತಿಗೆ ಬೇರೆ ಯಾರೋ ಅದನ್ನು ಕೊಂಡುಬಿಟ್ಟಿದ್ದಾರೆಂದು ಹಿಂದಿನ ರಾತ್ರಿ ಕನಸೂ ಬಿದ್ದಿತ್ತು. ಒಬ್ಬನೇ ಹೋದೆ.

ಹೊತ್ತು ಮುಳುಗುತ್ತಿತ್ತು. ಕೆನೆ ಬಣ್ಣದ ಕಾರು ಆಗಷ್ಟೇ ಮೈತೊಳೆದುಕೊಂಡು ಅಂಗಳದಲ್ಲಿ ನಿಂತಿತ್ತು. ಮೇಲಿನ ಹನಿಗಳು ಸಂಜೆಯ ಬಿಸಿಲಿಗೆ ಮುತ್ತಿನಂತೆ ಹೊಳೆಯುತ್ತಿದ್ದವು. ಒಳಗೆ ಊದಿನಕಡ್ಡಿಯ ಪರಿಮಳ. ಸೀಟಿಗೆ ಕಡುಗೆಂಪು ಬಟ್ಟೆ. ನಾನು ಬಾಗಿಲು ತೆಗೆದು ಕೂತೆ, ಸ್ಟೇರಿಂಗ್ ಹಿಡಿದೆ, ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಕೀಲಿ ತಿರುವಿದ ಕೂಡಲೇ ಎಂಜಿನ್ ಚಾಲೂ ಆಯಿತು. ಅದು ಅರ್ಧ ಗಂಟೆ ಮೊದಲೇ ಓಡಿ ಬೆಚ್ಚಗಾಗಿತ್ತೆಂಬುದು ನನಗೇನು ಗೊತ್ತು.

ರಾಯರು ನಯವಾದ ಮನುಷ್ಯ. ಒಳಗೆ ಕೂಡಿಸಿ ಮಂಡಕ್ಕಿ ಒಗ್ಗರಣೆ ಕೊಟ್ಟರು, ಏಲಕ್ಕಿ ಹಾಕಿದ ಚಹಾ ಕೊಟ್ಟರು. ಒಬ್ಬರ ಮನೆಯ ಚಹಾ ಕುಡಿದ ಮೇಲೆ ಅವರ ಗಾಡಿಯ ತಳ ಬಗ್ಗಿ ನೋಡಲು ನಮ್ಮ ಕಡೆಯವರಿಗೆ ನಾಚಿಕೆ. ಆದರೂ ಗಿರಾಕಿ ಎಂದಮೇಲೆ ಏನಾದರೂ ಕೇಳಬೇಕಲ್ಲ. ಎರಡು ಪ್ರಶ್ನೆ ಕೇಳಿದೆ.

“ಪೆಟ್ರೋಲು ಭಾಳ ತಿಂತದೇನ್ರಿ?”

“ಹದಕ್ಕ ತಿಂತದ.”

“ರೇಡಿಯೋ ಹಾಡ್ತದೇನ್ರಿ?”

“ನೀವ ಕೇಳ್ರಲ್ಲ,” ಎಂದು ಅವರೇ ಬಂದು ರೇಡಿಯೋ ಹಚ್ಚಿದರು. ಹಾಡಿತು. ವ್ಯವಹಾರ ಮುಗಿಯಿತು.

ದೇವದುರ್ಗದವರೆಗೆ ಗಾಡಿ ಹಂಸದಂತೆ ಬಂತು. ಸುಶೀಲಾ ಆರತಿ ಬೆಳಗಿ, ಗಾಲಿಗೆ ನಿಂಬೆಹಣ್ಣಿಟ್ಟಳು. ಆಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಮರುದಿನ ಶಾಲೆಗೆ ಬಿಡಲೆಂದು ಕರೆದುಕೊಂಡು ಹೊರಟೆ. ಎಡಕ್ಕೆ ತಿರುಗಿಸಿದೆ, ಹಾರ್ನ್ ತಾನಾಗಿಯೇ ಕೂಗಿತು. ನೇರ ಮಾಡಿದೆ, ನಿಂತಿತು. ಮತ್ತೆ ಎಡಕ್ಕೆ ತಿರುಗಿಸಿದರೆ ಮತ್ತೆ ಕೂಗು. ಒಂದು ವಾರದಲ್ಲಿ ಇನ್ನೊಂದು ಕಲೆಯೂ ಬೆಳಕಿಗೆ ಬಂತು. ಬ್ರೇಕ್ ಒತ್ತಿದಾಗೆಲ್ಲ ಗಾಜಿನ ಮೇಲಿನ ವೈಪರು ಒಂದು ಸಲ ಕೈಯೆತ್ತಿ ನಮಸ್ಕಾರ ಮಾಡುತ್ತಿತ್ತು. ಎಡ ತಿರುವುಗಳು ಜಾಸ್ತಿಯಿದ್ದ ಹಳ್ಳಿಗಳಿಗೆ ಹೋದರೆ ಅರ್ಧ ಮೈಲಿಯಿಂದಲೇ ಜನಕ್ಕೆ ತಿಳಿದು ದನಗಳನ್ನು ಹಿಡಿದು ಕಟ್ಟಿರುತ್ತಿದ್ದರು. ಅಷ್ಟರಮಟ್ಟಿಗೆ ಅನುಕೂಲವೇ ಆಯಿತೆನ್ನಿ. “ಕೂಗೋ ಡಾಕ್ಟ್ರು ಬಂದ್ರು” ಎಂದು ಹುಡುಗರು ಹಿಂದೆ ಓಡಿಬರುವುದನ್ನು ಮಾತ್ರ ನಾನು ಕೇಳಿಸಿಕೊಳ್ಳದವನಂತೆ ಇರುತ್ತಿದ್ದೆ.

ಮೊದಲ ಮಳೆಗಾಲ ಬಂತು. ಗಾಡಿಯೊಳಗೆ ಹೊಳೆದಂಡೆಯ ಕೆಸರಿನ ವಾಸನೆ ಎದ್ದಿತು. ಊದಿನಕಡ್ಡಿಯ ಒಂದು ಕಟ್ಟನ್ನೇ ಉರಿಸಿದರೂ ಹೋಗಲಿಲ್ಲ. ಕೊನೆಗೆ ಮೌಲಾಲಿ ಉಸ್ತಾದನ ಗ್ಯಾರೇಜಿಗೆ ಒಯ್ದೆ. ಅವನು ನನ್ನನ್ನು ಗುರುತಿಸಿದ. ಬಾಗಿಲಿನ ಒಳಮೈಯ ಹಲಗೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಹಲಗೆ ಈಚೆ ಬಂದ ಕೂಡಲೇ ಒಳಗಿನಿಂದ ಹಿಟ್ಟಿನಂಥ ನುಣುಪು ಮಣ್ಣು ಸುರಿದು ಅವನ ಮೊಣಕಾಲ ಮೇಲೆ ರಾಶಿ ಬಿತ್ತು. ಅದರಲ್ಲಿ ಬೆರಳಾಡಿಸಿ ಏನನ್ನೋ ಹೆಕ್ಕಿ ನನ್ನ ಅಂಗೈಯಲ್ಲಿಟ್ಟ. ಕಡಲೆಕಾಳಿನಷ್ಟು ದೊಡ್ಡ ಒಂದು ಬಸವನಹುಳುವಿನ ಚಿಪ್ಪು.

“ನೀರು ಕುಡಿದ ಗಾಡಿ ಸಾಬ್ ಇದು,” ಎಂದ. “ಕೃಷ್ಣಾದಾಗ ಮುಣುಗಿ ಎದ್ದದ. ವೈರು ಎಲ್ಲಾ ಕೊಳತಾವ. ಪಾಪ, ಇದರ ತಪ್ಪೇನದ.”

ವಿಚಾರಿಸಿದೆ. ಹೋದ ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ದೇವಸುಗೂರಿನ ಹತ್ತಿರ ದಂಡೆಯ ತೋಟವೊಂದರಲ್ಲಿ ನಿಂತಿದ್ದ ಕಾರು ಎರಡು ದಿನ ನೀರಿನೊಳಗಿತ್ತಂತೆ. ನಾನು ಸೀದಾ ಬಸವಂತರಾಯರ ಮನೆಗೆ ಹೋದೆ. ಚಿಪ್ಪನ್ನು ಅವರ ಮುಂದಿನ ಟೀಪಾಯಿಯ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ನಾ ಸುಳ್ಳು ಹೇಳೀನೇನ್ರಿ ಡಾಕ್ಟ್ರ?” ಎಂದರು. “ನೀವು ಕೇಳಿದ್ದಕ್ಕೆಲ್ಲ ಖರೇನ ಹೇಳೀನಿ. ಇದನ್ನ ನೀವು ಕೇಳಲಿಲ್ಲ.”

ಹೌದಲ್ಲ, ನಾನು ರೇಡಿಯೋ ಹಾಡುತ್ತದೆಯೇ ಎಂದಷ್ಟೇ ಕೇಳಿದ್ದೆ. ಆ ಸಲವೂ ಅವರು ಚಹಾ ತರಿಸಿದರು. ಆ ಸಲವೂ ನಾನು ಕುಡಿದು ಬಂದೆ. ನಮ್ಮ ಕಡೆಯ ಮರ್ಯಾದೆ ಎಂಬುದು ಅಂಥದ್ದು.

ಆಮೇಲಿನ ಎರಡು ವರ್ಷ ನಾನು ರಜೆಯ ದಿನಗಳನ್ನು ಕಳೆದದ್ದು ಉಸ್ತಾದನ ಗ್ಯಾರೇಜಿನಲ್ಲಿ. ವೈರು ಒಂದೊಂದಾಗಿ ಬದಲಾಗಬೇಕಿತ್ತು. ಹಾರ್ನಿನ ಬಾಯಿ ಕಟ್ಟಿತು, ವೈಪರಿನ ನಮಸ್ಕಾರ ನಿಂತಿತು. ಕಾದು ಕೂತವನಿಗೆ ಉಸ್ತಾದ್ ಪಾಠ ಹೇಳುತ್ತಿದ್ದ. ಅವನು ಮಾತಾಡುವುದು ಕಡಿಮೆ, ಆಡಿದರೆ ಪಾನು ಉಗುಳಿ ಬಂದು ಆಡುತ್ತಿದ್ದ.

“ಗಾಡಿ ನೋಡಾಕ ಬೆಳಿಗ್ಗೆ ಹೋಗಬೇಕು ಸಾಬ್, ಅದು ಏಳೂ ಮೊದಲ. ಬಾನೆಟ್ ಮ್ಯಾಲ ಕೈ ಇಡು. ಬೆಚ್ಚಗಿದ್ರ ಮಾರಾವ ನಿನಕಿಂತ ಮೊದಲ ಎದ್ದಾನ ಅಂತ ತಿಳಕೋ.” ತಣ್ಣಗಿದ್ದ ಎಂಜಿನ್ ಮೊದಲ ಸಲ ಹೇಗೆ ಕೆಮ್ಮುತ್ತದೆ ನೋಡಬೇಕು. ಹೊಗೆ ನೀಲಿಯಾದರೆ ಅದು ಆಯಿಲ್ ಕುಡಿಯುತ್ತಿದೆ ಎಂದರ್ಥ. ತೊಳೆದ ಗಾಡಿ ನೋಡಬೇಡ, ಧೂಳು ಹಿಡಿದದ್ದನ್ನು ನೋಡು. ನೀರಿನ ಹನಿ ಗಾಯ ಮುಚ್ಚುತ್ತದೆ. ಕಾಲ ಕೆಳಗಿನ ಚಾಪೆ ಎತ್ತು, ಮೂಗು ಹತ್ತಿರ ಒಯ್ದು ವಾಸನೆ ನೋಡು. ಒಳ್ಳೆ ರಸ್ತೆಯಲ್ಲಿ ಕತ್ತೆಯೂ ಚೆಂದ ಓಡುತ್ತದೆ, ತಗ್ಗು ದಿನ್ನೆಯ ದಾರಿಗೆ ಒಯ್ಯಿ. ಆರ್.ಸಿ. ಬುಕ್ಕಿನ ನಂಬರನ್ನು ಗಾಡಿಯ ಮೈಮೇಲಿನ ನಂಬರಿಗೆ ಹಿಡಿದು ನೋಡದೆ ಮುಂಗಡ ಕೊಡಬೇಡ.

ಒಂದು ದಿನ ಅವನು ಒಂದು ಗಾಡಿಯ ಮೀಟರ್ ತೋರಿಸಿದ. ಬಹಳ ಕಡಿಮೆ ಓಡಿದ ಗಾಡಿ ಎಂದು ಮೀಟರ್ ಹೇಳುತ್ತಿತ್ತು. ಆಮೇಲೆ ಬ್ರೇಕಿನ ಪೆಡಲ್ ತೋರಿಸಿದ. ಅದರ ರಬ್ಬರು ಸವೆದು ಹಳೆಯ ಚಪ್ಪಲಿಯ ಹಿಮ್ಮಡಿಯಂತಾಗಿತ್ತು. “ಮೀಟರ್ ಸುಳ್ಳು ಹೇಳ್ತದ. ಪೆಡಲ್ ಹೇಳಂಗಿಲ್ಲ,” ಎಂದ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವನು ನಾನು. ಇಷ್ಟು ಸಣ್ಣ ಮಾತು ನನಗೇಕೆ ಹೊಳೆಯಲಿಲ್ಲವೆಂದು ನಾಚಿಕೆಯಾಯಿತು.

ಈ ಅಯಸ್ಕಾಂತ ಕೊಟ್ಟವನೂ ಅವನೇ. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು. ತಗಡು ಗಟ್ಟಿಯಿದ್ದ ಕಡೆ ಅದು ಕಚ್ಚಿಕೊಳ್ಳುತ್ತದೆ. ತುಕ್ಕು ತಿಂದ ಜಾಗಕ್ಕೆ ಲಪ್ಪವೆಂಬ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಹಿಡಿತವಿಲ್ಲದೆ ಜಾರಿ ಕೆಳಗೆ ಬೀಳುತ್ತದೆ. ಅದನ್ನು ನನ್ನ ಕೈಗಿಟ್ಟು ಉಸ್ತಾದ್, “ಇದಕ್ಕ ಚಹಾ ಕುಡಿಸಾಕ ಬರಂಗಿಲ್ಲ,” ಎಂದ. ರಾಯರ ಮನೆಯ ಕಥೆಯನ್ನು ನಾನು ಅವನಿಗೆ ಹೇಳಿದ್ದೆ.

ಹೀಗೆ ನಾನು ಪಂಡಿತನಾದೆ. ಆ ಹೊತ್ತಿಗೆ ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರದ ಕೆಲಸ ನಡೆದು ಎಲ್ಲೆಲ್ಲಿಂದಲೋ ಎಂಜಿನಿಯರುಗಳು ಬಂದಿದ್ದರು. ಅವರಲ್ಲಿ ಒಬ್ಬರಿಗೆ ಕಾರು ನೋಡಿಕೊಡಲು ಹೋದೆ. ಅಷ್ಟು ದೊಡ್ಡ ಯಂತ್ರಗಳನ್ನು ನಡೆಸುವ ಮನುಷ್ಯ ದನದ ಡಾಕ್ಟರನ ಹಿಂದೆ ಕೈಕಟ್ಟಿ ನಿಂತಿದ್ದರು. ಬಾಗಿಲ ಮೇಲಿಟ್ಟ ಅಯಸ್ಕಾಂತ ಜಾರಿ ನೆಲಕ್ಕೆ ಬಿತ್ತು. ಮಾರುವವನು ಅದನ್ನು ಹೆಕ್ಕಿ ವಿನಯದಿಂದ ನನ್ನ ಕೈಗೆ ಕೊಟ್ಟು, “ಮತ್ತ ನೋಡಾಕ ಬರಬ್ಯಾಡ್ರಿ,” ಎಂದ. ಆ ಸುದ್ದಿ ಹಬ್ಬಿ ನನ್ನ ಕೀರ್ತಿ ಬೆಳೆಯಿತು. ತಪ್ಪಿದ್ದೂ ಉಂಟು. ಮಾನ್ವಿಯ ಅಕ್ಕಿ ವ್ಯಾಪಾರಿಯೊಬ್ಬರಿಗೆ ಟೈರು ಒಂದು ಕಡೆ ಸವೆದಿದೆಯೆಂದು ಒಂದು ಕಾರು ಬೇಡವೆನ್ನಿಸಿದೆ. ಅದನ್ನು ಇನ್ನೊಬ್ಬರು ಕೊಂಡರು. ಮುಂದೆ ನನಗೆ ಮಾನ್ವಿಗೇ ವರ್ಗವಾಗಿ, ನಾನು ಅಲ್ಲಿದ್ದಷ್ಟು ವರ್ಷವೂ ಆ ಕಾರು ಒಂದು ದಿನವೂ ಕೆಡದೆ ನನ್ನ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ವ್ಯಾಪಾರಿ ನನ್ನನ್ನು ಕಂಡಾಗಲೆಲ್ಲ ಅದರ ಕಡೆ ಒಮ್ಮೆ ನೋಡಿ ನಗುತ್ತಿದ್ದರು.

ಈಗ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಮುಂದೂಡುತ್ತಲೇ ಬಂದೆ ಎಂದು ನಿಮಗೆ ಅನ್ನಿಸಿದ್ದರೆ ಅದು ಸರಿ.

ಮಾನ್ವಿಗೆ ಬಂದು ಒಂದೆರಡು ವರ್ಷವಾಗಿತ್ತು. ನನ್ನ ಅಂಬಾಸಿಡರಿನ ಮೇಲೆ ನನಗೆ ಮೋಹ ಹೋಗಿ ದಣಿವು ಬಂದಿತ್ತು. ಎಂಜಿನ್ನನ್ನು ಉಸ್ತಾದ್ ಒಮ್ಮೆ ಬಿಚ್ಚಿ ಕಟ್ಟಿದ್ದರಿಂದ ಅದು ಪರವಾಗಿರಲಿಲ್ಲ. ಆದರೆ ಕೃಷ್ಣೆಯ ನೀರು ತನ್ನ ಪಾಲು ಬಿಟ್ಟಿರಲಿಲ್ಲ. ಡ್ರೈವರ್ ಕಾಲಿಡುವ ಜಾಗದ ತಳ ತುಕ್ಕು ತಿಂದು ಜರಡಿಯಾಗಿತ್ತು. ಅದರ ಮೇಲೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಹೊದಿಸಿದ್ದೆ. ಮಾರಿಬಿಡೋಣ ಎಂದು ಮನಸ್ಸಿನಲ್ಲಿತ್ತು.

ಆಗ ಹನುಮಂತಪ್ಪ ಮನೆಗೆ ಬಂದ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೂವತ್ತರ ಆಸುಪಾಸು. ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿದ್ದು ಓದಿ, ತನ್ನ ಓಣಿಯಲ್ಲಿ ಮೊದಲು ನೌಕರಿ ಹಿಡಿದವನು. ಬಿಳಿ ಅಂಗಿಯ ಮಡಿಕೆ ಮುರಿಯದಂತೆ ಕುರ್ಚಿಯ ತುದಿಯಲ್ಲಿ ಕೂತ.

“ಸರ, ಒಂದು ಹಳೇ ಕಾರು ತಗೋಬೇಕಂತ ಮಾಡೀನ್ರಿ. ಅವ್ವನ ಮೊಣಕಾಲು ಪೂರಾ ಹೋಗ್ಯಾವ. ರಾಯಚೂರು ದವಾಖಾನಿಗೆ ಕರಕೊಂಡು ಹೋಗಬೇಕಂದ್ರ ಬಸ್ಸಿನ ಮೆಟ್ಟಲ ಹತ್ತಾಕ ಆಗವಲ್ದು. ಹೋದ ಸಲ ಎರಡು ಬಸ್ಸು ಬಿಟ್ಟು ಹೊಳ್ಳಿ ಮನಿಗೆ ಬಂದ್ವಿ. ನೀವು ಒಂದು ದಿನ ನನ್ನ ಕೂಡ ರಾಯಚೂರಿಗೆ ಬಂದು ನೋಡಿಕೊಡಬೇಕು.”

ಮೊಣಕಾಲಿನ ಮಾತು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬರುತ್ತೇನೆಂದೆ. ಆಮೇಲೆ, ಏಕೋ ಏನೋ, “ನಂದೂ ಕೊಡಬೇಕಂತ ಮಾಡೀನಿ,” ಎಂಬ ಮಾತು ಬಾಯಿಂದ ಬಿತ್ತು.

ಅವನ ಮುಖ ಅರಳಿತು. “ಹಂಗಿದ್ರ ನಾ ಇನ್ನೆಲ್ಲೂ ನೋಡಂಗಿಲ್ರಿ ಸರ. ನೀವು ಇಟ್ಟ ಗಾಡಿ ಅಂದಮ್ಯಾಲ ನೋಡೂದೇನದ?”

ಅವನು ಏನನ್ನೂ ಕೇಳಲಿಲ್ಲ. ರೇಡಿಯೋ ಹಾಡುತ್ತದೆಯೇ ಎಂದೂ ಕೇಳಲಿಲ್ಲ. ನಾನು ಹೇಳಿದೆ: “ನಾಳೆ ಸಂಜಿಗೆ ಬರ್ರಿ.”

ಸಂಜೆಗೆ ಎಂದು ಏಕೆ ಹೇಳಿದೆ? ಆ ಕ್ಷಣ ಅದು ನನಗೆ ಬರೀ ಒಂದು ಹೊತ್ತಿನ ಹೆಸರಾಗಿತ್ತು. ಮರುದಿನ ಆಸ್ಪತ್ರೆಯಿಂದ ಬೇಗ ಬಂದೆ. ಗಾಡಿಯನ್ನು ತೊಳೆದೆ. ಒರೆಸಲಿಲ್ಲ. ಹಳೆಯ ಚಾಪೆ ತೆಗೆದು, ಆ ತಗಡಿನ ಮೇಲೆ ಹೊಸ ನಾರಿನ ಚಾಪೆ ಹಾಸಿದೆ. ದೇವರ ಗೂಡಿನಿಂದ ಎರಡು ಊದಿನಕಡ್ಡಿ ತಂದು ಒಳಗೆ ಹಚ್ಚಿಟ್ಟೆ. ಒಂದೊಂದೂ ಬೇರೆ ಬೇರೆ ನೋಡಿದರೆ ಯಾವುದೂ ತಪ್ಪಲ್ಲ. ಮನೆಗೆ ಬರುವವರಿಗಾಗಿ ಅಂಗಳ ಗುಡಿಸುವುದಿಲ್ಲವೆ? ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತ ಎಂಜಿನ್ ಚಾಲೂ ಮಾಡಿ ಬಿಟ್ಟೆ.

ಸುಶೀಲಾ ಶಾಲೆಯಿಂದ ಬಂದಳು. ಗೇಟಿನೊಳಗೆ ನಿಂತು ಗಾಡಿಯನ್ನು ನೋಡಿದಳು.

“ಎಲ್ಲಿಗೆ ಹೊಂಟೀರಿ?”

“ಎಲ್ಲಿಗೂ ಇಲ್ಲ. ಹನುಮಂತಪ್ಪ ಗಾಡಿ ನೋಡಾಕ ಬರ್ತಾನ.”

“ಅವ ಬಂದಮ್ಯಾಲ ಚಾಲೂ ಮಾಡಿದ್ರ ಆಗತಿರಲಿಲ್ಲೇನು?”

ಅವಳು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಕಿಟಕಿಯೊಳಗಿನಿಂದ ಬರುತ್ತಿದ್ದ ಊದಿನಕಡ್ಡಿಯ ಹೊಗೆ ನೋಡಿದಳು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

“ಚಹಾಕ್ಕ ಇಡ್ಲೇನು?” ಎಂದಳು. “ಏಲಕ್ಕಿ ಅವ.”

ಎಂಜಿನ್ ಆರಿಸಿದೆ. ಅವಳು ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ಗಾಡಿಯಲ್ಲೇ ಕೂತೆ. ಬಸವಂತರಾಯರನ್ನು ನಾನು ಎಷ್ಟೋ ಸಲ ಎಷ್ಟೋ ಜನರ ಮುಂದೆ ಅಣಕಿಸಿದ್ದೆ. ಅವರ ದನಿ, ಕನ್ನಡಕ ಏರಿಸುವ ರೀತಿ ಎಲ್ಲ ನನಗೆ ಬಾಯಿಪಾಠ. ಬರುಬರುತ್ತ ಅವರ ರೀತಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಈಗ ಅಣಕಿಸದೆಯೇ ಬಂದಿತ್ತು. ರಾಯರೂ ಅಂದು ಅಂಗಳ ಗುಡಿಸುತ್ತೇನೆಂದೇ ಅಂದುಕೊಂಡಿರಬೇಕು. ಕೆಟ್ಟವರಾಗಬೇಕೆಂದು ಬೆಳಿಗ್ಗೆ ಎದ್ದು ಯಾರೂ ನಿಶ್ಚಯಿಸುವುದಿಲ್ಲ.

ಊದಿನಕಡ್ಡಿಗಳನ್ನು ನೆಲಕ್ಕೆ ಉಜ್ಜಿ ಆರಿಸಿ, ಕುಂಟುತ್ತ ಹನುಮಂತಪ್ಪನ ಮನೆಗೆ ನಡೆದೆ. ಅವನು ಹೊರಡಲು ತಲೆ ಬಾಚಿಕೊಳ್ಳುತ್ತಿದ್ದ.

“ಇವತ್ತು ಬ್ಯಾಡ್ರಿ,” ಎಂದೆ. “ನಾಳೆ ಬೆಳಿಗ್ಗೆ ಬಿಸಲು ಬಿದ್ದಮ್ಯಾಲ ಬರ್ರಿ. ನಿಮ್ಮ ಅವ್ವನ್ನೂ ಕರಕೊಂಡು ಬರ್ರಿ. ಮತ್ತ ಒಂದು ಮಾತು, ನಮ್ಮನ್ಯಾಗ ಚಹಾ ಕೊಡಂಗಿಲ್ಲ.”

ಅವನಿಗೆ ಏನೂ ಅರ್ಥವಾಗಲಿಲ್ಲ. “ಆತ್ರಿ ಸರ,” ಎಂದ.

ಬೆಳಿಗ್ಗೆ ತಾಯಿ ಮಗ ಬಂದರು. ದುರ್ಗವ್ವ ಕಟ್ಟುಮಸ್ತಾದ ಮುದುಕಿ. ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲ ಕಲ್ಲಿನ ಹಾಗಿತ್ತು. ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು. ನಾನು ಹನುಮಂತಪ್ಪನ ಕೈಗೆ ಅಯಸ್ಕಾಂತ ಕೊಟ್ಟು ಗಾಡಿಯ ಸುತ್ತ ನಡೆಸಿದೆ. ಎಲ್ಲಿ ಕಚ್ಚುತ್ತದೆ, ಎಲ್ಲಿ ಜಾರುತ್ತದೆ, ಅವನ ಕೈಗೇ ತಿಳಿಯಿತು. ತಣ್ಣನೆಯ ಎಂಜಿನ್ ಕೆಮ್ಮಿದ್ದನ್ನು ಕೇಳಿಸಿದೆ. ಚಾಪೆ ಎತ್ತಿ, ತಗಡು ಸರಿಸಿ, ತೂತಿನೊಳಗಿಂದ ಕಾಣುವ ನೆಲ ತೋರಿಸಿದೆ. ಕೃಷ್ಣೆಯಲ್ಲಿ ಮುಳುಗಿದ ಕಥೆ, ಕೂಗುವ ಹಾರ್ನಿನ ಕಥೆ, ರಾಯರ ಕಥೆ ಎಲ್ಲ ಹೇಳಿದೆ. ನಿನ್ನೆ ಸಂಜೆ ನಾನೇನು ಮಾಡುತ್ತಿದ್ದೆನೆಂಬುದನ್ನೂ ಹೇಳಿದೆ. ಅದೊಂದು ಮಾತ್ರ ಹೇಳುವಾಗ ಅವನ ಮುಖ ನೋಡಲಾಗಲಿಲ್ಲ.

ಹನುಮಂತಪ್ಪ ಅಯಸ್ಕಾಂತವನ್ನು ಬೆರಳಿನಲ್ಲಿ ತಿರುವುತ್ತ ನಿಂತ. ಮಾತಾಡಿದ್ದು ಕಟ್ಟೆಯ ಮೇಲಿನ ದುರ್ಗವ್ವ.

“ಬುಡಕ ಎಷ್ಟು ತಿಂದದ, ಯಪ್ಪಾ?”

“ಡ್ರೈವರ್ ಕಡಿ ಪೂರಾ ತಿಂದದ ಯವ್ವಾ. ಅತ್ಲಾಕಡಿ ಗಟ್ಟಿ ಅದ.”

“ಹೊಸಾ ತಗಡು ಕೂಡಿಸಿದ್ರ ಎಷ್ಟು ವರ್ಷ ನಡಿತದ?”

“ನಾಕೈದು ವರ್ಷಕ್ಕ ಭಯ ಇಲ್ಲ.”

“ಹಂಗಾರ ಕೂಡಿಸಿ ಕೊಡು,” ಎಂದಳು. “ಮ್ಯಾಲ ಮುಚ್ಚಿ ಕೊಟ್ಟಿದ್ರೂ ನನ ಮಗ ತಗೊಂಡ ಬಿಡತಿದ್ದ. ಅವಂಗ ಮಂದೀದು ತಿಳಿಯಂಗಿಲ್ಲ.”

ಸುಶೀಲಾ ಒಳಗಿನಿಂದ ನಾಲ್ಕು ಲೋಟ ಚಹಾ ತಂದಳು. ನಾನು ಅವಳ ಮುಖ ನೋಡಿದೆ. “ಈಗ ಕುಡಿಬಹುದು,” ಎಂದಳು.

ಮುಂದಿನ ಭಾನುವಾರ ತಳ ಹಾಕಿಸಲು ಉಸ್ತಾದನ ಗ್ಯಾರೇಜಿಗೆ ಹೊರಟೆವು. ದುರ್ಗವ್ವನನ್ನೂ ದವಾಖಾನೆಗೆ ತೋರಿಸಿದಂತಾಗುತ್ತದೆಂದು ಜೊತೆಗೆ ಕರೆದುಕೊಂಡೆವು. ಹನುಮಂತಪ್ಪ ರಜೆಯಲ್ಲಿ ಡ್ರೈವಿಂಗ್ ಕಲಿತಿದ್ದ, ಅವನೇ ನಡೆಸುತ್ತೇನೆಂದ. ದುರ್ಗವ್ವ ಮುಂದೆ ಕಿಟಕಿಯ ಪಕ್ಕ, ನಾನು ಹಿಂದಿನ ಸೀಟಿನಲ್ಲಿ. ಆ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಎರಡೂ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳು, ನಾಟಿ ಮುಗಿದು ಹಸಿರು ಹಿಡಿದಿದ್ದವು. ಹನುಮಂತಪ್ಪ ಹೆಮ್ಮೆಯಿಂದ ನಡುನಡುವೆ ತಾಯಿಯ ಕಡೆ ನೋಡುತ್ತಿದ್ದ. ಅವಳು ಗದ್ದೆ ನೋಡುತ್ತಿರಲಿಲ್ಲ. ಮುಂದಿನ ಗಾಜಿನೊಳಗಿಂದ ರಸ್ತೆಯನ್ನೇ ನೋಡುತ್ತಿದ್ದಳು.

“ಏನ್ ನೋಡಾಕತ್ತಿ, ಯವ್ವಾ?”

“ದಾರಿ ನೋಡಾಕತ್ತೀನಿ. ಬಸ್ಸಿನ್ಯಾಗ ಬರೀ ಮಂದಿ ಬೆನ್ನು ಕಾಣತಿದ್ವು.”

ದಾರಿಯ ನಡುವಿನ ಕಲ್ಲೂರು ಇನ್ನೂ ದೂರವಿತ್ತು. ಒಂದು ಸಣ್ಣ ಹಳ್ಳದ ಹತ್ತಿರ ರಸ್ತೆ ಕುಸಿದು ಬಾಣಲೆಯಂತಾಗಿತ್ತು. ಅಲ್ಲಿ ಎಲ್ಲ ಗಾಡಿಗಳೂ ಎಗರಿ ಬೀಳುತ್ತಿದ್ದವು. ಎಷ್ಟು ಸಲ ದುರಸ್ತಿ ಮಾಡಿದರೂ ಮತ್ತೆ ಕುಸಿಯುವ ಜಾಗ ಅದು. ನಾನೇ ಅದನ್ನು ನೂರು ಸಲ ಬೈದಿದ್ದೆ.

“ಇಲ್ಲಿ ನಿಲ್ಸು,” ಎಂದಳು ದುರ್ಗವ್ವ.

ಅವನು ಬದಿಗೆ ನಿಲ್ಲಿಸಿದ. ಅವಳು ಕೋಲೂರಿ ಇಳಿದಳು. ನಿಧಾನವಾಗಿ ಆ ತಗ್ಗಿನ ಅಂಚಿಗೆ ನಡೆದು, ಡಾಂಬರು ಕಿತ್ತು ಮೇಲೆದ್ದಿದ್ದ ಕಲ್ಲುಗಳನ್ನು ಕೋಲಿನ ತುದಿಯಿಂದ ಮೀಟಿದಳು. ನಾವಿಬ್ಬರೂ ಇಳಿದು ಹಿಂದೆ ನಿಂತೆವು.

“ಇಲ್ಲಿಂದ ಆ ಜಾಲಿಗಿಡದ ತನಕ ನಮ್ಮ ಗ್ಯಾಂಗಿನ ಕೆಲಸ,” ಎಂದಳು. “ಕಲ್ಲು ಒಡದು ಬುಟ್ಟಿ ಹೊತ್ತು ಹಾಕೀವಿ. ನೀ ಹೊಟ್ಟ್ಯಾಗಿದ್ದಿ ಅವಾಗ.”

ಹನುಮಂತಪ್ಪ ರಸ್ತೆಯನ್ನು ನೋಡಿದ. ತಾಯಿ ಕಲ್ಲು ಹೊತ್ತಿದ್ದಳೆಂಬುದು ಅವನಿಗೆ ಗೊತ್ತಿತ್ತು. ಎಲ್ಲಿ ಎಂಬುದು ಗೊತ್ತಿರಲಿಲ್ಲ. ತಾನು ಎಷ್ಟೋ ಸಲ ಓಡಾಡಿದ ದಾರಿಯಲ್ಲೇ ಎಂದು ಅವನು ಎಣಿಸಿರಲಿಲ್ಲ.

“ಇದೊಂದು ಜಾಗದಾಗ ಬುಡಕ ಮಣ್ಣು ಹಸಿ ಇತ್ತು,” ಎಂದು ಅವಳು ಮುಂದುವರಿಸಿದಳು. “ಒಣಗಲಿ, ಕಲ್ಲು ಕೂಡಂಗಿಲ್ಲ ಅಂತ ನಾ ಮೇಸ್ತ್ರಿಗೆ ಹೇಳಿದ್ನಿ. ನಿನಗೇನು ತಿಳಿತದ, ಹಾಕು ಅಂದ. ಹಾಕಿ ಮ್ಯಾಲ ಮುಚ್ಚಿಬಿಟ್ರು. ನೋಡು, ಇನ್ನೂ ಕೂತಿಲ್ಲ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಕೆಲಸ ಬಲ್ಲವರು ಕೆಟ್ಟ ಕೆಲಸವೊಂದನ್ನು ನೋಡಿ ಆಡುವ ಮಾತಿನ ಹಾಗಿತ್ತು. ಹನುಮಂತಪ್ಪ ಬಗ್ಗಿ ಒಂದು ಕಲ್ಲನ್ನು ಎತ್ತಿ ನೋಡಿದ. ಅದನ್ನು ಎಲ್ಲಿಡುವುದೆಂದು ತಿಳಿಯದೆ ಮತ್ತೆ ಅದೇ ಜಾಗದಲ್ಲಿ, ಅದು ಮೊದಲಿದ್ದ ಹಾಗೆಯೇ ಕೂಡಿಸಿದ.

ದುರ್ಗವ್ವ ಬಂದು ತನ್ನ ಜಾಗದಲ್ಲಿ ಕೂತು ಬಾಗಿಲು ಎಳೆದುಕೊಂಡಳು. ನಾವೂ ಹತ್ತಿದೆವು. ಹನುಮಂತಪ್ಪ ಸ್ಟೇರಿಂಗ್ ಹಿಡಿದು ಮುಂದಿನ ತಗ್ಗನ್ನೇ ನೋಡಿದ.

“ನಡಿ ಇನ್ನ,” ಎಂದಳು ಅವಳು. “ಇಲ್ಲಿಷ್ಟು ಸಾವಕಾಶ ಹೋಗು. ಮುಂದ ಗಟ್ಟಿ ಹಾಕೀವಿ.”